ಡಬ್ಬಿಯ ಮೇಲಿನ ಗೂಳಿಯನ್ನು ನಂಬಿ ಕೆಟ್ಟೆ

ನಾಲ್ಕು ತಿಂಗಳು ಬೆವರು ಸುರಿಸಿ, ದಿನಕ್ಕೆರಡು ಬಾರಿ ಪ್ರೋಟೀನ್ ಪುಡಿ ಕಲಸಿ ಕುಡಿದು ನಾನು ಬೆಳೆಸಿಕೊಂಡದ್ದು ಜಂಬವನ್ನು ಮಾತ್ರ. ಎತ್ತುವ ಭಾರ ಒಂದಿಷ್ಟೂ ಏರಲಿಲ್ಲ. ಪುಡಿ ಇದೆಯಲ್ಲ ಎಂದು ಊಟವನ್ನೂ ತಗ್ಗಿಸಿದ್ದೆ. ಬಟಾಣಿ ಪ್ರೋಟೀನ್ ಕುಡಿಯುತ್ತಿದ್ದ ಜಿಮ್‌ನ ಗೆಳೆಯನನ್ನು "ಕಾಳಿನ ಹಿಟ್ಟಿನಿಂದ ತೋಳು ಬರುತ್ತದೆಯೇ?" ಎಂದು ಕೆಣಕುತ್ತಿದ್ದೆ. ನನ್ನ ಡಬ್ಬಿಯ ಮೇಲೆ ಗೂಳಿಯ ಚಿತ್ರ, ‘ಪ್ರಾಣಿಜನ್ಯ’ ಎಂಬ ದಪ್ಪ ಅಕ್ಷರ, ಒಂದು ಅಳತೆಗೆ 25 ಗ್ರಾಂ ಪ್ರೋಟೀನ್. ಪ್ರಾಣಿಜನ್ಯವಾದದ್ದೆಲ್ಲ ಸಸ್ಯಜನ್ಯಕ್ಕಿಂತ ಮೇಲು ಎಂದು ನಂಬಿದ್ದೆ. ಹಾಲಿನ ವೇ (ಹಾಲು ಒಡೆದಾಗ ಬೇರೆಯಾಗುವ ತಿಳಿನೀರಿನ ಪ್ರೋಟೀನ್), ಮೊಟ್ಟೆಯ ಮಟ್ಟಿಗೆ ಆ ಮಾತು ಬಹುಪಾಲು ನಿಜವೇ.

ಅನುಮಾನ ಹುಟ್ಟಿಸಿದ್ದು ಮೇಜಿನ ಮೇಲೆ ಚೆಲ್ಲಿದ ನಾಲ್ಕು ಹನಿ. ಬೆಳಿಗ್ಗೆ ನೋಡಿದರೆ ಅದಕ್ಕೊಂದು ಕಾಗದ ಕಚ್ಚಿಕೊಂಡಿತ್ತು, ಎಳೆದರೆ ಹರಿಯಿತು. ಆಗ ಡಬ್ಬಿಯ ಹಿಂಬದಿ ಓದಿದೆ (ಕೊಳ್ಳುವ ಮೊದಲೇ ಓದಬೇಕಿತ್ತು, ಗೊತ್ತು). ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಹೈಡ್ರೊಲೈಸ್ಡ್ (ಸಣ್ಣ ತುಣುಕುಗಳಾಗಿ ಒಡೆದ) ಕೊಲಾಜನ್, ಆಮೇಲೆ ಗ್ಲೈಸಿನ್.

ಕೊಲಾಜನ್ ಚರ್ಮ, ಮೂಳೆಗಳ ಪ್ರೋಟೀನ್. ಬಡಗಿಗಳು ಹಿಂದೆ ಮರ ಅಂಟಿಸಲು ಬಳಸುತ್ತಿದ್ದ ಸರೇಸು ಕೂಡ ಇದರಿಂದಲೇ ಆಗುತ್ತಿತ್ತು. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೊ ಆಮ್ಲಗಳಲ್ಲಿ, ದೇಹಕ್ಕೆ ಹೊರಗಿನಿಂದಲೇ ಬೇಕಾದ ಟ್ರಿಪ್ಟೊಫಾನ್ ಇದರಲ್ಲಿ ಇಲ್ಲವೇ ಇಲ್ಲ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಇನ್ನೊಂದು ಅಮೈನೊ ಆಮ್ಲ ಲ್ಯೂಸಿನ್ ನೂರಕ್ಕೆ ಸುಮಾರು 3 ಪಾಲು; ವೇಯಲ್ಲಿ 10ರ ಆಸುಪಾಸು, ಬಟಾಣಿಯಲ್ಲಿ 8. ಅಂದರೆ ನನ್ನ 25 ಗ್ರಾಂನಲ್ಲಿ ಒಂದು ಗ್ರಾಂ ಲ್ಯೂಸಿನ್ ಕೂಡ ಇರಲಿಲ್ಲ, ಗೆಳೆಯನಿಗೆ ಎರಡು ಗ್ರಾಂ ಸಿಗುತ್ತಿತ್ತು! ಬಟಾಣಿಯಲ್ಲಿ ಮಿಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆ ನಿಜ, ಆದರೆ ಅಕ್ಕಿಯ ಪ್ರೋಟೀನ್ ಬೆರೆತರೆ ಆ ಕೊರತೆ ತುಂಬುತ್ತದೆ.

ಗ್ಲೈಸಿನ್‌ನದು ಇನ್ನೊಂದು ಆಟ. ಸಾಮಾನ್ಯ ಪರೀಕ್ಷೆಯಲ್ಲಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಎಷ್ಟೆಂದು ಹೇಳುತ್ತಾರೆ. ಅಗ್ಗದ ಅಮೈನೊ ಆಮ್ಲವಾದ ಗ್ಲೈಸಿನ್‌ನಲ್ಲೂ ಸಾರಜನಕವಿದೆ. ಅದನ್ನು ಸುರಿದರೆ ಲೆಕ್ಕ ಉಬ್ಬುತ್ತದೆ, ತೋಳು ಉಬ್ಬುವುದಿಲ್ಲ.

ಸ್ನಾಯುವಿಗಾಗಿ ಕೊಳ್ಳುವುದಾದರೆ, ಪಟ್ಟಿಯ ಮೊದಲ ಹೆಸರು ಕೊಲಾಜನ್ ಅಥವಾ ಅದರಿಂದಲೇ ಮಾಡುವ ಜೆಲಾಟಿನ್ ಆಗಿದ್ದರೆ ಡಬ್ಬಿಯನ್ನು ಅಲ್ಲೇ ಇಡಿ. ಅಮೈನೊ ಆಮ್ಲಗಳ ವಿವರವನ್ನೇ ಕೊಡದ ಡಬ್ಬಿಯನ್ನು ನಾನಂತೂ ಮುಟ್ಟುವುದಿಲ್ಲ, ಅದು ಗೂಳಿಯದಾಗಲಿ, ಬಟಾಣಿಯದಾಗಲಿ.

ಉಳಿದ ಅರ್ಧ ಡಬ್ಬಿಯನ್ನು ಏನು ಮಾಡಲಿ ಎಂದು ಗೆಳೆಯನನ್ನೇ ಕೇಳಿದೆ. "ಮನೆಯಲ್ಲಿ ಮುರಿದ ಕುರ್ಚಿ ಇದೆಯೇ?" ಎಂದ.