ಕಾರಂಜಾ ಹಿನ್ನೀರಿಗೆ ಸಮುದ್ರದ ಹವಾಮಾನ ಆ್ಯಪ್: ದುಡ್ಡು ಕೊಟ್ಟಿದ್ದು ಯಾತಕ್ಕೆ, ಉಪಯೋಗಕ್ಕೆ ಬಂದಿದ್ದು ಯಾವುದು

ಮೊದಲು ಸಿಟ್ಟಿನ ವಿಷಯ. ಈ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದರೆ ಅಲೆಯ ಎತ್ತರ ಸಿಗುತ್ತದೆ, ಅಲೆ ಬರುವ ದಿಕ್ಕು ಸಿಗುತ್ತದೆ, ಉಬ್ಬರ ಇಳಿತದ ಹೊತ್ತು, ಸಮುದ್ರದ ನೀರು ಎಷ್ಟು ಬಿಸಿ ಅನ್ನುವುದೂ ಸಿಗುತ್ತದೆ. ನಾನಿರುವುದು ಬೀದರಿನಲ್ಲಿ. ಮೀನು ಹಿಡಿಯಲು ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಇಳಿಸುವುದು ಭಾಲ್ಕಿ ಕಡೆಯ ಕಾರಂಜಾ ಜಲಾಶಯದ ಹಿನ್ನೀರಿಗೆ. ಅಲ್ಲಿ ಪಿನ್ ಇಟ್ಟರೆ ಅಲೆಯ ಸಾಲು ಪೂರ್ತಿ ಖಾಲಿ. ಸೊನ್ನೆ ಕೂಡ ಇಲ್ಲ, ಸುಮ್ನೆ ಒಂದು ಗೆರೆ. ಉಬ್ಬರ ಇಳಿತ ಒತ್ತಿದರೆ ಎಲ್ಲೋ ಕೊಂಕಣದ ಬಂದರಿನ ಹೊತ್ತು ತೋರಿಸುತ್ತದೆ.

ಕಾರಣ ಅರ್ಥವಾಗುವಂಥದ್ದೇ. ಅಲೆಯ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಇರುವುದು ಸಮುದ್ರಕ್ಕೆ. ನಮ್ಮ ಜಲಾಶಯ ಅದರ ಕಣ್ಣಿಗೆ ಹೊಲ, ಗುಡ್ಡದ ಹಾಗೆ ನೆಲವೇ. ಅದು ಸರಿ, ಆದರೆ ದುಡ್ಡು ತಗೊಳ್ಳುವ ಮೊದಲು ಇದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತಲ್ವಾ? ಆ ಚಂದಾಕ್ಕೆ ಗಾಳದ ದಾರ ಸುತ್ತುವ ಒಂದು ಒಳ್ಳೆ ರೀಲ್ ಬರುತ್ತಿತ್ತು. ನನ್ನ ಸಂಬಳದಲ್ಲಿ ಅದು ಸಣ್ಣ ಮಾತಲ್ಲ. ಇನ್ನೊಂದು ತಮಾಷೆ ನೋಡಿ. ದೇಶದ ಕರಾವಳಿಗೆಲ್ಲ ಅಲೆಯ ಮುನ್ಸೂಚನೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಇರುವುದು ಹೈದರಾಬಾದಿನಲ್ಲಿ. ಸಮುದ್ರ ನಮಗೆ ದೂರ, ಸಮುದ್ರದ ಆಫೀಸು ಮಾತ್ರ ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ. ಅವರು ಕೊಡುವ ಮುನ್ಸೂಚನೆಗೆ ದುಡ್ಡೂ ಇಲ್ಲ.

ಆದರೂ ಆ್ಯಪ್ ನನ್ನ ಫೋನಿನಲ್ಲಿ ಇನ್ನೂ ಇದೆ. ಅದಕ್ಕೆ ಕಾರಣ ಒಂದೇ ಒಂದು ಸಾಲು, ಗಸ್ಟ್.

ಮಾಮೂಲಿ ಹವಾಮಾನ ಆ್ಯಪ್‌ಗಳು ಸರಾಸರಿ ಗಾಳಿ ಹೇಳಿ ಮುಗಿಸುತ್ತವೆ. ಇದರಲ್ಲಿ ಅದರ ಕೆಳಗೇ ನಡುನಡುವೆ ನುಗ್ಗುವ ಗಾಳಿಯ ವೇಗ ಬೇರೆಯಾಗಿ, ಗಂಟೆ ಗಂಟೆಗೆ ಇರುತ್ತದೆ. ನನ್ನದು ಗಾಳಿ ತುಂಬುವ ಕಯಾಕ್. ಹಗುರ, ಪಕ್ಕಗಳು ಎತ್ತರ, ನೀರಿನ ಮೇಲೇ ಕೂತಿರುತ್ತದೆ. ಹುಟ್ಟು ಹಾಕಿದರೆ ಗಂಟೆಗೆ 4-5 ಕಿ.ಮೀ. ಹೋದರೆ ಹೆಚ್ಚು. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಗಂಟೆಗೆ ಕಿ.ಮೀ. ಲೆಕ್ಕದಲ್ಲಿ ಗಾಳಿ 11, ಗಸ್ಟ್ 26 ಅಂತ ಇದ್ದರೆ ನಾನು ನೋಡುವುದು 26 ಮಾತ್ರ. ನನ್ನ ಗೆರೆ 20. ದಾಟಿದರೆ ಮನೆಯಲ್ಲೇ ಸೂಸಲ ತಿಂದು ಕೂರುತ್ತೇನೆ. (ಅಂಕಿಗಳು ಮೊದಲು ನಾಟ್‌ನಲ್ಲಿ ಬರುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಕಿ.ಮೀ. ಮಾಡಿಕೊಳ್ಳಿ. 10 ನಾಟ್ ಅಂದರೆ ಗಂಟೆಗೆ 18.5 ಕಿ.ಮೀ., ಕಡಿಮೆ ಅಂದುಕೊಂಡು ಇಳಿದುಬಿಟ್ಟೀರಿ.)

ಶನಿವಾರ ರಾತ್ರಿ ಊಟ ಆದ ಮೇಲೆ ಒಮ್ಮೆ ನೋಡುತ್ತೇನೆ. ಹವಾಮಾನ ಲೆಕ್ಕ ಹಾಕುವ ಯುರೋಪಿನ ಮಾದರಿ, ಅಮೆರಿಕದ ಮಾದರಿ ಎರಡನ್ನೂ ಆ್ಯಪ್‌ನಲ್ಲೇ ತೆರೆದು ಹೋಲಿಸುತ್ತೇನೆ. ಲೆಕ್ಕಕ್ಕೆ ಅವು ನಕ್ಷೆಯನ್ನು ಚೌಕಗಳಾಗಿ ಹಂಚಿಕೊಳ್ಳುತ್ತವೆ; ಯುರೋಪಿನದರ ಚೌಕ ಸುಮಾರು 9 ಕಿ.ಮೀ., ಅಮೆರಿಕದ್ದು 25ರ ಆಸುಪಾಸು. ಎರಡೂ ಒಂದೇ ಮಾತು ಹೇಳಿದರೆ ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಡುತ್ತೇನೆ. ಬೆಳಗಿನ ಜಾವ ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಇನ್ನೊಮ್ಮೆ ನೋಡುತ್ತೇನೆ. ರಾತ್ರಿ ನೋಡಿದಾಗ ಬೆಳಗಿನ ಹನ್ನೊಂದಕ್ಕೆ ಇದ್ದ ಗಸ್ಟ್ ಈಗ ಹತ್ತಕ್ಕೇ ಬಂದು ಕೂತಿದೆಯಾ ಅನ್ನುವುದಷ್ಟೇ ನನಗೆ ಬೇಕು. ಆಮೇಲೆ ಬಾಣದ ದಿಕ್ಕು. ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಸುಸ್ತಾದಾಗ ಅದೇ ಗಾಳಿ ದಂಡೆಗೆ ತಳ್ಳಿಕೊಂಡು ಬರುತ್ತದೆ. ಚಳಿಗಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯದು, ಹಾಗಾಗಿ ನಾನು ಇಳಿಯುವ ಜಾಗವೂ ಬೇರೆ.

ಈ ಗಸ್ಟ್ ಸಾಲಿನಲ್ಲೇ ನಮ್ಮ ಬಯಲುಸೀಮೆಯ ಬೆಳಗು ಪೂರ್ತಿ ಕಾಣುತ್ತದೆ. ರಾತ್ರಿ ನೆಲ ತಣ್ಣಗಾಗಿ ಅದರ ಮೇಲಿನ ತಂಪು ಗಾಳಿ ಕೆಳಗೇ ಕೂತುಬಿಡುತ್ತದೆ. ಮೇಲಿನ ಜೋರು ಗಾಳಿ ಅದರ ಮೇಲೆ ಹಾಯ್ದು ಹೋಗುತ್ತದೆ. ಬಿಸಿಲೇರಿ ನೆಲ ಕಾದಾಗ ಗಾಳಿ ಮೇಲೆ ಕೆಳಗೆ ಕಲಸಿ, ಆ ಜೋರೆಲ್ಲ ನೀರಿಗೆ ಇಳಿಯುತ್ತದೆ. ಸರಾಸರಿ ಗಾಳಿ ಇನ್ನೂ 9-10 ಇರುವಾಗಲೇ ಗಸ್ಟ್ 20 ಮುಟ್ಟಿರುತ್ತದೆ. ದಂಡೆಯಲ್ಲಿ ಬಲೆ ಹಾಕುವ ಕಾಕಾ ಒಬ್ಬರಿದ್ದಾರೆ. ಅವರ ಮಾತಲ್ಲಿ ಹೇಳುವುದಾದರೆ, "ಹತ್ತ್ ಆದ್ಮ್ಯಾಲ ಗಾಳಿ ಏಳ್ತದ ತಮ್ಮಾ, ಅಷ್ಟ್ರಾಗ ದಂಡಿಗಿ ಬಂದ್‌ಬಿಡು." ಗಂಟೆಯ ಲೆಕ್ಕಕ್ಕೆ ಕಾಕಾ ಸಾಕು. ಯಾವ ಭಾನುವಾರ ಎಂಟಕ್ಕೇ ಏಳುತ್ತದೆ ಅನ್ನುವುದಕ್ಕೆ ಆ್ಯಪ್ ಬೇಕು. ಈಗೀಗ ಅವರೇ "ನಾಳಿ ಏನ್ ತೋರಸ್ತದ ನೋಡು" ಅನ್ನುತ್ತಾರೆ.

ಮೀನಿನ ಲೆಕ್ಕವೂ ಇದರಲ್ಲೇ ಇದೆ. ಮುರ್ರೆಲ್ ಉಸಿರಿಗೆ ನೀರಿನ ಮೇಲೆ ಬರುವ ಮೀನು. ನೀರು ನಿಂತಿದ್ದರೆ ಜೊಂಡಿನ ಪಕ್ಕ ಬಾಯಿ ಮೇಲೆತ್ತಿ ಒಂದು ಗುಟುಕು ಗಾಳಿ ನುಂಗುತ್ತದೆ. ಗುಳ್ಳೆ ಒಡೆಯುತ್ತದೆ, ಉಂಗುರ ಹರಡುತ್ತದೆ. ಅದರ ಆಚೆಗೆ ಕಪ್ಪೆ ಲೂರ್ (ಕಪ್ಪೆಯ ಹಾಗೆ ಕಾಣುವ ನಕಲಿ ಎರೆ) ಎಸೆದು ಮೆಲ್ಲಗೆ ಎಳೆಯಬೇಕು. ಸಣ್ಣ ಅಲೆ ಎದ್ದರೂ ಆ ಉಂಗುರ ಕಾಣುವುದಿಲ್ಲ. ಹಾಗಾಗಿ 5ರೊಳಗಿನ ಗಾಳಿ ಕಂಡರೆ ಮುರ್ರೆಲ್ ಸಾಮಾನು, 8-10 ಕಂಡರೆ ರೋಹುಗೆ ಹಿಟ್ಟಿನ ಉಂಡೆ. ಚಂದಾ ಕಟ್ಟುವಾಗ ಇದು ನನ್ನ ತಲೆಯಲ್ಲೇ ಇರಲಿಲ್ಲ, ಈಗ ಇದೇ ದೊಡ್ಡ ಖುಷಿ.

ಒಂದು ಕೊರತೆ ಮಾತ್ರ ನೆನಪಿರಲಿ. ಈ ಅಂಕಿ ನೆಲದಿಂದ 10 ಮೀಟರ್ ಎತ್ತರದ್ದು, ಅದೂ ಗಿಡ, ಮನೆ ತಡೆಯುವ ನೆಲದ ಲೆಕ್ಕ. ಬಯಲು ನೀರಿನ ನಡುವೆ ತಡೆಯೇ ಇಲ್ಲದ್ದರಿಂದ ಗಾಳಿ ಇನ್ನಷ್ಟು ಜಾಸ್ತಿ ಸಿಗಬಹುದು. ಲೈಫ್ ಜಾಕೆಟ್ ಇಲ್ಲದೆ ಇಳಿಯುವವರ ಜೊತೆ ನಾನು ಹೋಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಆ್ಯಪ್ ನಂಬುವುದೇ ಬೇಡ. ಮಧ್ಯಾಹ್ನದ ಗುಡುಗು ಮೋಡ ಎಲ್ಲಿ ಏಳುತ್ತದೆ ಅಂತ ಹಿಂದಿನ ರಾತ್ರಿ ಯಾವ ಮಾದರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಮೋಡದ ಕೆಳಗಿಂದ ನುಗ್ಗುವ ಗಾಳಿಗೆ ಮುನ್ಸೂಚನೆಯ 8, 10ರ ಹಂಗೂ ಇಲ್ಲ. ಆಗ ಹೈದರಾಬಾದಿನ ರಾಡಾರ್ ಚಿತ್ರ ಮತ್ತು ಸಿಡಿಲಿಗೆ ದಾಮಿನಿ ಆ್ಯಪ್, ಎರಡೂ ಪುಕ್ಕಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿಗೆ ಗಸ್ಟ್ 40 ಮುಟ್ಟುವ ದಿನ ಅಪರೂಪವಲ್ಲ. ಕಯಾಕ್ ಮಡಚಿ ಅಟ್ಟದ ಮೇಲೆ ಇಡುತ್ತೇನೆ.

ಈ ಸಲ ಚಂದಾ ಮುಗಿದಾಗ ಮತ್ತೆ ಕಟ್ಟಲಿಲ್ಲ. ಗಸ್ಟ್ ಸಾಲು ಪುಕ್ಕಟೆ ಆವೃತ್ತಿಯಲ್ಲೂ ಇದೆ, ಗಂಟೆಗೊಂದರ ಬದಲು ಮೂರು ಗಂಟೆಗೊಮ್ಮೆ ಅಷ್ಟೇ. ನನಗೆ ಅದು ನಡೆಯುತ್ತದೆ. ಮಲ್ಪೆ, ಕಾರವಾರದಲ್ಲಿ ಇಳಿಯುವವರು ಕಟ್ಟಲಿ, ಅವರಿಗೆ ಅಲೆಯ ಸಾಲು ತುಂಬಿರುತ್ತದೆ.

ಸುರಪುರದ ಗೆಳೆಯರೊಬ್ಬರು ನಾರಾಯಣಪುರ (ಬಸವಸಾಗರ) ಜಲಾಶಯಕ್ಕೂ 20ರ ಗೆರೆ ನಡೆಯುತ್ತದಾ ಅಂತ ಕೇಳಿದ್ದರು. ನಡೆಯುವುದಿಲ್ಲ. ಆ ಬಸವಸಾಗರದ ಕಟ್ಟೆಯೇ 10 ಕಿ.ಮೀ.ಗಿಂತ ಉದ್ದ. ಅಂಥ ದೊಡ್ಡ ನೀರಿನ ಮೇಲೆ ಗಾಳಿ ಓಡಿಬಂದರೆ ಅದೇ ವೇಗಕ್ಕೂ ಅಲೆ ದೊಡ್ಡದಾಗುತ್ತದೆ. ಅಲ್ಲಿ 15ಕ್ಕೇ ನಿಲ್ಲಿಸಿ, ದಂಡೆ ಬಿಟ್ಟು ದೂರ ಹೋಗಬೇಡಿ.