ಮರದ ವೇಷದ ಮೊಬೈಲ್ ಟವರ್: ಫೋಟೊ ನಂಬಬೇಡಿ, ನಕ್ಷೆ ಓದಿ

ಅಮೆರಿಕದಲ್ಲಿ ಬೆಟ್ಟಕ್ಕೋ ಸರೋವರಕ್ಕೋ ಮುಖ ಮಾಡಿರುವ ಬಡಾವಣೆಗೆ ಮೊಬೈಲ್ ಟವರ್ ಬರುವುದಾದರೆ, ಕಂಪನಿಯವರು ಬಹುಪಾಲು ಮೊದಲು ಮುಂದಿಡುವುದು ಪೈನ್ ಮರದ ವೇಷವನ್ನು. ಮೊನೊಪೈನ್ ಎಂದು ಅದಕ್ಕೆ ಹೆಸರು. ಮೃಗಾಲಯ, ಮ್ಯೂಸಿಯಂಗಳಿಗೆ ಕೃತಕ ಬಂಡೆ, ಮರ ಮಾಡಿಕೊಡುತ್ತಿದ್ದ ಅರಿಜೋನಾದ ಲಾರ್ಸನ್ ಕಂಪನಿ 1992ರಲ್ಲಿ ಡೆನ್ವರ್‌ನಲ್ಲಿ ಮೊದಲನೆಯದನ್ನು ನಿಲ್ಲಿಸಿತು. ಆಮೇಲೆ ತಾಳೆ ಬಂತು, ಕಳ್ಳಿ ಬಂತು, ಧ್ವಜಸ್ತಂಭ ಬಂತು, ಚರ್ಚಿನ ಗೋಪುರ ಬಂತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೆಕ್ಸಸ್‌ನ ಉಪನಗರಗಳಲ್ಲಿ ಮನೆ ಮಾಡಿರುವ ಕನ್ನಡಿಗರ ಅಂಚೆಪೆಟ್ಟಿಗೆಗೂ ಇಂಥ ಟವರ್‌ನ ವಿಚಾರಣೆ ನೋಟಿಸು ಬೀಳುತ್ತದೆ. ಕಡತ ತೆರೆದರೆ ಒಳಗೊಂದು ಬಣ್ಣದ ಫೋಟೊ ಇರುತ್ತದೆ, ಅದರಲ್ಲಿ ಮರ ಚೆನ್ನಾಗಿಯೇ ಕಾಣುತ್ತದೆ.

ಈ ಸರಕಿನಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಬೇರೆ, ದಿನಾ ನೋಡುವವರು ಬೇರೆ. ಎಷ್ಟು ದಟ್ಟ ಬೇಕೆಂದರೂ ತಯಾರಕರು ಮಾಡಿಕೊಡಬಲ್ಲರು. ಆದರೆ ಪ್ರತಿ ಕೊಂಬೆಗೂ ಖರ್ಚು ಇದೆ, ಕೊಂಬೆ ಹೆಚ್ಚಿದಷ್ಟೂ ಗಾಳಿಯ ಹೊಡೆತ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಕಂಬವೂ ಅಡಿಪಾಯವೂ ದಪ್ಪವಾಗಬೇಕು. ಹೀಗಾಗಿ ಮರ ಮರದ ಹಾಗೆ ಇರುತ್ತದೋ ಇಲ್ಲವೋ ಎಂಬುದು ಕಾರ್ಖಾನೆಯಲ್ಲಿ ತೀರ್ಮಾನವಾಗುವುದಿಲ್ಲ. ಕಟ್ಟುವ ಅರ್ಜಿಗಳನ್ನು ತೀರ್ಮಾನಿಸುವ ಸಿಟಿಯ ಪ್ಲಾನಿಂಗ್ ಕಮಿಷನ್ ಒಪ್ಪಿಗೆ ಪತ್ರದಲ್ಲಿ ಬರೆಯುವ ಷರತ್ತುಗಳಲ್ಲಿ ಆಗುತ್ತದೆ. ಷರತ್ತಿನಲ್ಲಿ ಅಂಕಿ ಇಲ್ಲದಿದ್ದರೆ ಪೊರಕೆಯನ್ನು ತಲೆಕೆಳಗಾಗಿ ನೆಟ್ಟಂಥದ್ದೊಂದು ಎದ್ದು ನಿಲ್ಲುತ್ತದೆ.

ಒಳಗಿರುವುದು ಮಾಮೂಲಿ ಉಕ್ಕಿನ ಕಂಬ. ಅದರ ಮೈತುಂಬ ಗಿಡ್ಡ ಕೊಳವೆಗಳನ್ನು ವೆಲ್ಡ್ ಮಾಡಿರುತ್ತಾರೆ, ಕೊಂಬೆಗಳನ್ನು ಅವುಗಳಲ್ಲಿ ತೂರಿಸಿ ಬೋಲ್ಟ್ ಹಾಕುತ್ತಾರೆ. ಕೊಂಬೆಯ ತಿರುಳು ಫೈಬರ್‌ಗ್ಲಾಸ್ ಕಡ್ಡಿ, ಎಲೆ ಪ್ಲಾಸ್ಟಿಕ್ ಸೂಜಿ. ಬುಡಕ್ಕೆ ಅಚ್ಚೊತ್ತಿದ ತೊಗಟೆ. ಆಂಟೆನಾಗಳು ಮೂರು ದಿಕ್ಕಿಗೆ, ಪ್ರತಿ ದಿಕ್ಕಿಗೆ ಎರಡರಿಂದ ನಾಲ್ಕು, ಒಂದೊಂದೂ ಆರರಿಂದ ಎಂಟು ಅಡಿ ಉದ್ದ. ಅವುಗಳಿಗೆ ಸೂಜಿ ಎಲೆ ಹೊಲಿದ ಚೀಲ ತೊಡಿಸುತ್ತಾರೆ. ಹಿಂದೆ ನೇತಾಡುವ ರೇಡಿಯೊ ಪೆಟ್ಟಿಗೆಗಳನ್ನು ಮಾತ್ರ ಎಷ್ಟೋ ನಕ್ಷೆಗಳು ಮರೆಯುತ್ತವೆ. ಬಿಳಿಯ ಲೋಹದ ಪೆಟ್ಟಿಗೆ ಹಸಿರಿನ ನಡುವೆ ಅರ್ಧ ಮೈಲಿಯಿಂದ ಮಿನುಗುತ್ತದೆ, ಆದ್ದರಿಂದ ಅದಕ್ಕೂ ಬಣ್ಣ ಎಂದು ಬರೆಸಬೇಕು.

ಕೇಳಬೇಕಾದ ಅಂಕಿಗಳು ಹೀಗಿವೆ. ಕಂಬದ ಪ್ರತಿ ಅಡಿ ಎತ್ತರಕ್ಕೆ ಮೂರು ಕೊಂಬೆ. ಎರಡಕ್ಕೆ ಇಳಿದರೆ ಕಂಬದ ಆಚೆಯ ಆಕಾಶ ಕಾಣುತ್ತದೆ. ಮೊದಲ ಕೊಂಬೆ ನೆಲದಿಂದ 15 ಅಡಿಯ ಆಸುಪಾಸಿನಲ್ಲೇ ಶುರುವಾಗಬೇಕು. ಮಾಮೂಲಿ ಕಂಜೂಸಿತನ ಇಲ್ಲೇ, ಅರ್ಧ ಕಂಬ ಬೋಳಾಗಿ ಬಿಟ್ಟು ಮೇಲೆ ಮಾತ್ರ ಎಲೆ ಕಟ್ಟುತ್ತಾರೆ. ಕೊಂಬೆಯ ತುದಿ ಆಂಟೆನಾಗಿಂತ ಕನಿಷ್ಠ 2 ಅಡಿ ಹೊರಗೆ ಚಾಚಿರಬೇಕು. ಮೇಲಿನ ಆಂಟೆನಾ ದಾಟಿ 5 ಅಡಿಯಾದರೂ ಚೂಪು ತುದಿ ಬೇಕು, ಇಲ್ಲವಾದರೆ ಮರದ ತಲೆ ಕತ್ತರಿಸಿದ ಹಾಗಿರುತ್ತದೆ. ಆಂಟೆನಾದ ಮಧ್ಯಬಿಂದು 65 ಅಡಿ, ಉದ್ದ 8 ಅಡಿ ಎಂದಾದರೆ ಮೇಲಂಚು 69; ತುದಿ ಸೇರಿಸಿದರೆ 74. ಅರ್ಜಿಯಲ್ಲಿ "70 ಅಡಿ ಮೊನೊಪೈನ್" ಎಂದಿದ್ದರೆ ಆ 70 ಉಕ್ಕಿನ ಎತ್ತರವೋ ಎಲೆ ತುದಿಯ ಎತ್ತರವೋ ಎಂದು ಕೇಳಿ. ಎತ್ತರದ ನಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಗೆರೆ ಎಳೆದು ತೋರಿಸಿರಬೇಕು.

ಸುತ್ತ ನಿಜವಾದ ಪೈನ್‌ಗಳಿದ್ದು, ಅವು ಹತ್ತು ಹದಿನೈದು ಅಡಿ ಮಾತ್ರ ತಗ್ಗಿದ್ದರೆ ದಟ್ಟ ಮೊನೊಪೈನ್‌ಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಅಂಗಡಿ ಸಾಲಿನ ಪಾರ್ಕಿಂಗ್ ಜಾಗದಲ್ಲಿ ಒಂಟಿಯಾಗಿ ನಿಂತದ್ದಕ್ಕೆ ಒಂದು. ಅಲ್ಲಿ ಬೂದುಬಣ್ಣದ ಬರಿಯ ಕಂಬವೇ ಎಷ್ಟೋ ವಾಸಿ.

ಹಾಳಾಗುವುದು ಮೂರು ರೀತಿ. ಬಿಸಿಲಿಗೆ ಸೂಜಿ ಎಲೆ ಬಿಳಿಚಿಕೊಂಡು ಉದುರುತ್ತದೆ. ಕೆರೆ, ತೊರೆ ಪಕ್ಕದಲ್ಲಿದ್ದರೆ ಆ ಪ್ಲಾಸ್ಟಿಕ್ ನೀರಿಗೆ ಸೇರುತ್ತದೆ. ಟಾಹೊ ಸರೋವರದ ಸುತ್ತ ಇದೇ ತಕರಾರಾಗಿ ಎದ್ದಿದೆ. ಎರಡನೆಯದು ಗಾಳಿ, ಮಂಜುಗಡ್ಡೆಯ ಭಾರಕ್ಕೆ ಕೊಂಬೆ ಮುರಿಯುವುದು. ಮೂರನೆಯದೇ ಹೆಚ್ಚು: ಆಂಟೆನಾ ಬದಲಿಸಲು ಹತ್ತಿದ ತಂಡ ಅಡ್ಡ ಬಂದ ಕೊಂಬೆ ಬಿಚ್ಚುತ್ತದೆ, ವಾಪಸ್ ಹಾಕುವುದಿಲ್ಲ. ಹೊಸ 5ಜಿ ಆಂಟೆನಾಗಳಲ್ಲಿ ರೇಡಿಯೊ ಒಳಗೇ ಇರುವುದರಿಂದ ಬಿಸಿ ಹೊರಹೋಗಬೇಕು, ಹಾಗಾಗಿ ಅವಕ್ಕೆ ಚೀಲ ತೊಡಿಸಲು ಕಂಪನಿಗಳು ಹಿಂಜರಿಯುತ್ತವೆ. ಆಗ ಉಳಿಯುವ ದಾರಿ ಆಂಟೆನಾದ ಮುಂದಿರುವ ಕೊಂಬೆಗಳನ್ನು ಉದ್ದ ಮಾಡುವುದು. ಆಮೇಲೆ ಸೇರಿಸೋಣ ಎಂದರೆ ಆಗದ ಮಾತು. ಕಂಬದ ಬಲದ ಲೆಕ್ಕ ಮೊದಲಿನ ಕೊಂಬೆಗಳಿಗೆ ಮಾಡಿದ್ದು. ಕೆಲಸ ಮುಗಿದಾಗಿನ ಫೋಟೊಗಳನ್ನು ಕಡತಕ್ಕೆ ಸೇರಿಸುವುದು, ಕೊಂಬೆ ಬಿದ್ದರೆ 30 ದಿನದೊಳಗೆ ಬದಲಿಸುವುದು, ಪ್ರತಿ ಬಾರಿ ಆಂಟೆನಾ ಬದಲಾದಾಗ ಮರುಪರಿಶೀಲನೆ, ಈ ಮೂರು ಷರತ್ತು ಹಾಕಿಸಿದರೆ ಹತ್ತು ವರ್ಷದ ನಂತರವೂ ಹಿಡಿದು ಕೇಳಲು ಕಾಗದ ಇರುತ್ತದೆ.

ಇನ್ನೊಂದು ಬಲೆ ಕಾನೂನಿನಲ್ಲೇ ಇದೆ, ಬಡಾವಣೆಯವರು ಗಮನಿಸುವುದೇ ಇಲ್ಲ. 2012ರ ಸ್ಪೆಕ್ಟ್ರಂ ಕಾಯ್ದೆಯ 6409ನೇ ಸೆಕ್ಷನ್ ಪ್ರಕಾರ, ಈಗಾಗಲೇ ಇರುವ ಟವರ್‌ಗೆ "ಗಣನೀಯವಲ್ಲದ" ಬದಲಾವಣೆ ಕೇಳಿದರೆ ಸಿಟಿ ಒಪ್ಪಲೇಬೇಕು. 60 ದಿನದಲ್ಲಿ ತೀರ್ಮಾನಿಸದಿದ್ದರೆ ಒಪ್ಪಿಗೆ ಸಿಕ್ಕಂತೆಯೇ. ಖಾಸಗಿ ಜಾಗದ ಟವರ್‌ಗೆ ಗಣನೀಯ ಎನ್ನಿಸಿಕೊಳ್ಳಲು ಎತ್ತರ ಶೇ 10ನ್ನು ಮೀರಬೇಕು, ಇಲ್ಲವೆ ಹಳೆಯ ಆಂಟೆನಾದಿಂದ 20 ಅಡಿಯೊಳಗಿನ ಅಂತರದಲ್ಲಿ ಇನ್ನೊಂದು ಸಾಲು ಆಂಟೆನಾ ಕೂರಿಸುವಷ್ಟನ್ನು ಮೀರಬೇಕು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 75 ಅಡಿ ಎಂದು ಒಪ್ಪಿದ ಮರ ಹೀಗೆ ಮುಂದೆ ಇಪ್ಪತ್ತಡಿಗೂ ಹೆಚ್ಚು ಬೆಳೆಯಬಹುದು, ವಿಚಾರಣೆಯೇ ಇಲ್ಲದೆ. ತಡೆಯುವ ಮುಖ್ಯ ಅಸ್ತ್ರ ಅದೇ ನಿಯಮದ ಇನ್ನೊಂದು ಸಾಲು: ಮರೆಮಾಚುವ ಅಂಶಗಳನ್ನು ಸೋಲಿಸುವ ಬದಲಾವಣೆಯೂ ಗಣನೀಯವೇ. ಆದ್ದರಿಂದ ಮೊದಲ ಒಪ್ಪಿಗೆ ಪತ್ರದಲ್ಲೇ "ಕೊಂಬೆಯ ದಟ್ಟಣೆ, ಶಂಕುವಿನ ಆಕಾರ, ಆಂಟೆನಾ ಕೊಂಬೆಯೊಳಗಿರುವುದು, ಸುತ್ತಲಿನ ಮರಗಳಿಗೆ ಹೊಂದುವ ಎತ್ತರ, ಇವು ಮರೆಮಾಚುವ ಅಂಶಗಳು" ಎಂದು ಬಿಡಿಸಿ ಬರೆಯಬೇಕು. "ಟವರ್ ಮರದಂತೆ ಕಾಣತಕ್ಕದ್ದು" ಎಂಬ ಒಂದೇ ಸಾಲು ಯಾವ ಕೆಲಸಕ್ಕೂ ಬರುವುದಿಲ್ಲ.

ಉಳಿದ ವೇಷಗಳ ಬಗ್ಗೆ ಬೇಗ ಹೇಳಬಹುದು. ತಾಳೆ ಮರ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಒಪ್ಪುತ್ತದೆ, ಆದರೆ ಗರಿಗಳ ಕೆಳಗಿನ ಉಬ್ಬಿನಲ್ಲಿ ಒಂದು ಕಂಪನಿಯ ಆಂಟೆನಾಗಷ್ಟೇ ಜಾಗ. "ಟವರನ್ನು ಹಲವರು ಹಂಚಿಕೊಳ್ಳಬೇಕು" ಎಂಬ ಷರತ್ತೂ ತಾಳೆಯ ವೇಷವೂ ಒಟ್ಟಿಗೆ ನಡೆಯುವುದಿಲ್ಲ. ಎರಡನ್ನೂ ಕೇಳುವ ಸಿಟಿಗೆ ಕೊನೆಗೆ ಎರಡು ತಾಳೆ ಗಿಟ್ಟುತ್ತವೆ. ಪಕ್ಕದಲ್ಲಿ ಬೇರೆ ಬೇರೆ ಎತ್ತರದ ಎರಡು ಮೂರು ನಿಜವಾದ ತಾಳೆ ನೆಡಿಸಿದರೆ ಕಣ್ಣು ಮೋಸಹೋಗುತ್ತದೆ. ಅರಿಜೋನಾದ ಸಗುವಾರೊ ಕಳ್ಳಿಯಲ್ಲಿ ಎಲ್ಲವೂ ಫೈಬರ್‌ಗ್ಲಾಸ್ ಚರ್ಮದ ಒಳಗೇ ಅಡಗುವುದರಿಂದ ವೇಷ ಬಹಳ ಚೆನ್ನ. ಆದರೆ ನಿಜವಾದ ಕಳ್ಳಿಯಷ್ಟೇ ಗಿಡ್ಡವಾಗಿ ಇಡಬೇಕಾದ್ದರಿಂದ ಸಿಗ್ನಲ್ ದೂರ ಹೋಗದು. ಧ್ವಜಸ್ತಂಭದಲ್ಲಿ ಆಂಟೆನಾಗಳನ್ನು ಕೊಳವೆಯೊಳಗೆ ಒಂದರ ಮೇಲೊಂದು ಪೇರಿಸುತ್ತಾರೆ, ಒಂದು ಹಂತಕ್ಕೆ ದಿಕ್ಕಿಗೊಂದೇ. 5ಜಿ ಬಂದಮೇಲೆ ಜಾಗ ಸಾಲದೆ ಕೊಳವೆ ಊದಿಕೊಂಡು ಸ್ತಂಭದ ಲಕ್ಷಣವೇ ಹೋಗುತ್ತದೆ. ಅಮೆರಿಕದ ಧ್ವಜ ಸಂಹಿತೆಯಂತೆ ರಾತ್ರಿ ಧ್ವಜ ಹಾರಬೇಕಾದರೆ ಅದಕ್ಕೆ ಬೆಳಕು ಬೇಕು, ಅಂದರೆ ಟವರ್ ಜೊತೆ ಫ್ಲಡ್‌ಲೈಟೂ ಮನೆ ಕಿಟಕಿಗೆ ಬರುತ್ತದೆ.

ನಮ್ಮ ಆಯ್ಕೆ ಚರ್ಚಿನ ಗೋಪುರ ಅಥವಾ ಗಂಟೆ ಗೋಪುರ, ಐದಕ್ಕೆ ನಾಲ್ಕೂವರೆ. ಹಲಗೆ ತೆಗೆದು ಅದೇ ಆಕಾರದ ಫೈಬರ್‌ಗ್ಲಾಸ್ ಫಲಕ ಕೂರಿಸುತ್ತಾರೆ, ಆಂಟೆನಾ ಒಳಗೆ. ನೋಡಿಕೊಳ್ಳಬೇಕಾದದ್ದು ಎರಡೇ. ಫಲಕ ಮತ್ತು ಗೋಡೆಯ ಬಣ್ಣ ಬೇರೆ ಬೇರೆ ವೇಗದಲ್ಲಿ ಮಾಸುತ್ತದೆ, ಮತ್ತೆ ಬಳಿಯುವಾಗ ಲೋಹದ ಅಂಶವಿರುವ ಬಣ್ಣ ಬಳಿದರೆ ಸಿಗ್ನಲ್ ಕುಗ್ಗುತ್ತದೆ. ಐತಿಹಾಸಿಕ ಕಟ್ಟಡವಾದರೆ ರಾಷ್ಟ್ರೀಯ ಪರಂಪರೆ ಕಾಯ್ದೆಯ 106ನೇ ಸೆಕ್ಷನ್ ಪರಿಶೀಲನೆಯೂ ಆಗಬೇಕು.

ಸಿಟಿ ಯಾವುದನ್ನು ನಿರಾಕರಿಸಬಹುದು? 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಝೋನಿಂಗ್ ಅಧಿಕಾರವನ್ನು, ಅಂದರೆ ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಹಕ್ಕನ್ನು, ಸ್ಥಳೀಯರಿಗೇ ಬಿಟ್ಟಿದೆ, ಬೇಲಿಗಳನ್ನೂ ಹಾಕಿದೆ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ಮಿತಿಯೊಳಗಿನ ವಿಕಿರಣದ ಕಾರಣಕ್ಕೆ ನಿರಾಕರಿಸುವಂತಿಲ್ಲ. ವಿಚಾರಣೆಯಲ್ಲಿ ಹತ್ತು ಜನ ಎದ್ದು ಕ್ಯಾನ್ಸರ್ ಭಯ ಹೇಳಿದರೆ ಲಾಭ ಕಂಪನಿಯ ವಕೀಲರಿಗೇ, "ನಿಜವಾದ ಕಾರಣ ಇದೇ" ಎಂದು ಕೋರ್ಟಿನಲ್ಲಿ ತೋರಿಸಲು ಪುರಾವೆ ಸಿಕ್ಕಿತು. ನೋಟದ ಬಗ್ಗೆ ಮಾತಾಡಬೇಕು, ಅದೂ ನಿಖರವಾಗಿ: ಯಾವ ರಸ್ತೆಯಿಂದ, ಯಾವ ಕಿಟಕಿಯಿಂದ, ಎಷ್ಟು ಅಡಿ ಮೇಲೆ ಕಾಣುತ್ತದೆ ಎಂದು.

ಇದರ ಬೆಲೆ ಗೊತ್ತಾಗುವುದು ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್ ಪ್ರಕರಣದಲ್ಲಿ. ಆಮ್ನಿಪಾಯಿಂಟ್ ಕಂಪನಿ ಫೆನ್‌ವೇ ಗಾಲ್ಫ್ ಕ್ಲಬ್ಬಿನಲ್ಲಿ ಮರದ ವೇಷದ 150 ಅಡಿ ಟವರ್ ಕೇಳಿತು, ಸಿಟಿಯ ಪ್ಲಾನಿಂಗ್ ಮಂಡಳಿ ನಿರಾಕರಿಸಿತು. ಕಂಪನಿಯ ತಜ್ಞರ ನೋಟದ ಅಧ್ಯಯನ ಮಂಡಳಿಗೂ ಊರವರಿಗೂ ಮುಂಚಿತವಾಗಿ ತಿಳಿಸದೆ ನಡೆದಿತ್ತು; ರಸ್ತೆಯಿಂದ ನೋಡಿದ್ದರೇ ಹೊರತು ಮನೆಗಳ ಹಿತ್ತಲಿನಿಂದ, ಮಹಡಿಯ ಕಿಟಕಿಯಿಂದ ನೋಡಿರಲಿಲ್ಲ. ಅದನ್ನು ಬದಿಗಿಡಲು ಮಂಡಳಿಗೆ ಹಕ್ಕಿತ್ತು ಎಂದು 2005ರಲ್ಲಿ ಮೇಲ್ಮನವಿ ಕೋರ್ಟು ಸಿಟಿಯ ಪರ ನಿಂತಿತು. ಅಲ್ಲಿಂದ ಕಲಿಯಬೇಕಾದ ಕ್ರಮ ಇಷ್ಟು: ಬಲೂನ್ ಪರೀಕ್ಷೆಯ (ಟವರ್‌ನಷ್ಟೇ ಎತ್ತರಕ್ಕೆ ಬಲೂನು ಹಾರಿಸಿ ಎಲ್ಲಿಂದ ಕಾಣುತ್ತದೆಂದು ನೋಡುವುದು) ದಿನಾಂಕವನ್ನು, ಮಳೆಗಾಳಿ ಬಂದರೆ ಬದಲಿ ದಿನವನ್ನೂ, ಮೊದಲೇ ಪ್ರಕಟಿಸಬೇಕು. ಬಲೂನು ಮೂರು ನಾಲ್ಕು ಅಡಿ ಅಗಲದ್ದು, ಕೆಂಪು, ಹಗ್ಗ ಅಳತೆ ಮಾಡಿದ್ದು. ಗಾಳಿ ಬೀಸಿದರೆ ಬಲೂನು ವಾಲಿ ಎತ್ತರ ತಗ್ಗುತ್ತದೆ, ಅಂಥ ದಿನದ ಫೋಟೊ ಒಪ್ಪಬೇಡಿ. ಎಲೆ ಉದುರುವ ಊರಿನಲ್ಲಿ ಬೇಸಿಗೆಯ ಫೋಟೊ ಅರ್ಧ ಸತ್ಯ. ಕಣ್ಣಿನ ನೋಟಕ್ಕೆ ಸಮನಾದ 50 ಮಿಲಿಮೀಟರ್ ಲೆನ್ಸಿನ ಚಿತ್ರ ಕೇಳಿ. ಅಗಲ ಲೆನ್ಸಿನಲ್ಲಿ ಟವರ್ ಕುಳ್ಳಗಾಗುತ್ತದೆ.

ಜಾರ್ಜಿಯಾದ ರಾಸ್‌ವೆಲ್ ಸಿಟಿ ಸೋತದ್ದು ನೋಟದ ವಿಷಯದಲ್ಲಲ್ಲ, ಕಾಗದದ ಕೆಲಸದಲ್ಲಿ. ಟಿ-ಮೊಬೈಲ್ ಕೇಳಿದ್ದು 108 ಅಡಿಯ ಮೊನೊಪೈನ್. ಸಿಬ್ಬಂದಿ ಷರತ್ತಿನ ಮೇಲೆ ಒಪ್ಪಬಹುದೆಂದರೂ 2010ರ ಏಪ್ರಿಲ್‌ನಲ್ಲಿ ಕೌನ್ಸಿಲ್ ತಿರಸ್ಕರಿಸಿತು. ಎರಡು ದಿನಕ್ಕೆ ಪತ್ರ ಹೋಯಿತು, ಕಾರಣ ಬರೆದಿರಲಿಲ್ಲ. ಕಾರಣಗಳಿದ್ದ ಸಭಾ ನಡಾವಳಿ ಹೊರಬಿದ್ದದ್ದು ಪತ್ರದ 26 ದಿನ ನಂತರ. ಕಂಪನಿಗೆ ದಾವೆ ಹೂಡಲು ಇರುವ ಅವಧಿಯೇ 30 ದಿನ. ಕಾರಣವನ್ನು ತಿರಸ್ಕಾರದ ಜೊತೆಜೊತೆಗೇ ಕೊಡಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೊಸ ಟವರ್ ಅರ್ಜಿಗೆ ಸಿಟಿಗಿರುವ ಕಾಲ 150 ದಿನ, ಅರ್ಜಿ ಅಪೂರ್ಣ ಎನ್ನಲು ಮೊದಲ 30 ದಿನ. ಈ ಗಡಿಯಾರವನ್ನು ಬಡಾವಣೆಯವರೂ ಗೋಡೆಗೆ ಹಾಕಿಕೊಳ್ಳುವುದು ಒಳ್ಳೆಯದು.

ಪಶ್ಚಿಮದ ರಾಜ್ಯಗಳಲ್ಲಿ ಎರಡು ತೀರ್ಪು ಒಟ್ಟಿಗೆ ಓದಬೇಕು, ಎರಡೂ 2009ರವು. ಕ್ಯಾಲಿಫೋರ್ನಿಯಾದ ಸಮುದ್ರದಂಚಿನ ಪಾಲೊಸ್ ವರ್ಡಿಸ್ ಎಸ್ಟೇಟ್ಸ್‌ನಲ್ಲಿ ಸ್ಪ್ರಿಂಟ್ ಕಂಪನಿಯ ಎರಡು ಅರ್ಜಿಗಳನ್ನು ಅಂದದ ಕಾರಣಕ್ಕೆ ಸಿಟಿ ತಳ್ಳಿಹಾಕಿತು, ಪಶ್ಚಿಮ ರಾಜ್ಯಗಳ ಮೇಲ್ಮನವಿ ಕೋರ್ಟಾದ ಒಂಬತ್ತನೇ ಸರ್ಕ್ಯೂಟ್ ಸರಿಯೆಂದಿತು. ವಾಷಿಂಗ್ಟನ್ ರಾಜ್ಯದ ಅನಾಕೊರ್ಟಿಸ್‌ನಲ್ಲಿ ಚರ್ಚಿನ ಜಾಗದ 116 ಅಡಿ ಕಂಬವನ್ನು ನಿರಾಕರಿಸಿದ್ದಕ್ಕೆ ಸಾಕಷ್ಟು ಪುರಾವೆ ಇತ್ತು ಎಂದು ಒಪ್ಪಿಯೂ ಅದೇ ಕೋರ್ಟು ಕಂಪನಿಯ ಪರ ಹೋಯಿತು. ಸಿಗ್ನಲ್ ಸಿಗದ ಪ್ರದೇಶವನ್ನು ತುಂಬಲು ಕಾರ್ಯಸಾಧ್ಯವಾದ ಬೇರೆ ಜಾಗವನ್ನು ಸಿಟಿ ತೋರಿಸಿರಲಿಲ್ಲ. ಬೇಡ ಎನ್ನುವವರು ಬೇರೆ ಮೂರು ಜಾಗದ ಪಟ್ಟಿ, ಮಾಲೀಕರು ಬಾಡಿಗೆಗೆ ಕೊಡಲು ಸಿದ್ಧರಿರುವ ಬಗ್ಗೆ ಪತ್ರ ಸಮೇತ, ಕೈಯಲ್ಲಿಟ್ಟುಕೊಂಡು ಹೋಗಬೇಕು.

ಎಲ್ಲರೂ ಮೇಲೆ ನೋಡುತ್ತಿರುವಾಗ ಕೆಳಗಿನ ಆವರಣ ತಪ್ಪಿಸಿಕೊಳ್ಳುತ್ತದೆ. ಯಂತ್ರದ ಕಪಾಟು, ಡೀಸೆಲ್ ಜನರೇಟರ್, ತಂತಿ ಬೇಲಿ ಅಲ್ಲಿರುತ್ತವೆ. ತಂತಿಬೇಲಿ ಬದಲು 8 ಅಡಿ ಗೋಡೆ, ಜನರೇಟರ್ ಪರೀಕ್ಷೆ ವಾರದ ದಿನಗಳಲ್ಲಿ ಹಗಲು ಹೊತ್ತು ಮಾತ್ರ, ಟವರ್ ಕೈಬಿಟ್ಟರೆ ಅಡಿಪಾಯ ಸಮೇತ ಕೀಳಲು ಠೇವಣಿ, ಇವನ್ನೂ ಅದೇ ಒಪ್ಪಿಗೆ ಪತ್ರದಲ್ಲಿ ಸೇರಿಸಲು ಹೇಳಿ.