ಅಜ್ಜನ ಜೀಪಿಗೆ ಜೀವ ಕೊಟ್ಟ ಗ್ಯಾರೇಜು

ಅಜ್ಜ ಮಿಲಿಟರಿ ಹರಾಜಿನಲ್ಲಿ ತಂದ ಲೋ ಬಾನೆಟ್, ಅಂದರೆ ಎಂಜಿನ್ ಮುಚ್ಚಳ ತಗ್ಗಾಗಿರುವ ಜೀಪು ಹದಿನೈದು ವರ್ಷದಿಂದ ಕೊಟ್ಟಿಗೆ ಪಕ್ಕ ನಿಂತೇ ಇತ್ತು. ಕಳೆದ ವರ್ಷ ಮೂಡಿಗೆರೆ ಕಡೆಯ ಈ ಸಣ್ಣ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ.

ಮೂರು ತಲೆಮಾರು ನಾವದನ್ನು ವಿಲ್ಲೀಸ್ ಕಂಪನಿಯದು ಅಂತಲೇ ಕರೆದಿದ್ದು. ಮೇಸ್ತ್ರಿ ರೇಡಿಯೇಟರ್ ಕೆಳಗೆ ಕೈಯಾಡಿಸಿ, "ಇದು ಫೋರ್ಡ್ ಕಣ್ರೀ" ಅಂದರು. ವಿಲ್ಲೀಸ್ ಆದರೆ ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಕೊಳವೆ. ಫೋರ್ಡ್‌ನದು ಬೋರಲು ಹಾಕಿದ ದೋಣಿಯ ಹಾಗೆ. ಒಂದು ಬೋಲ್ಟಿನ ತಲೆಗೆ ತಂತಿ ಬ್ರಶ್ ಹಾಕಿ ಉಜ್ಜಿದರು. ತುಕ್ಕು ಉದುರಿ ಪುಟ್ಟ 'ಎಫ್' ಅಕ್ಷರ ಕಂಡಿತು. ನನಗೆ ಕಣ್ಣು ತುಂಬಿ ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ಕಂಪನಿ ಸೇರಿ ಇಂಥ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1945ರಲ್ಲಿ ವಿಲ್ಲೀಸ್ ಅದನ್ನೇ ರೈತರಿಗೆಂದು ತಿದ್ದಿ ಸಿಜೆ-2ಎ ಅನ್ನುವ ಮಾದರಿ ತಂದಿತು. ಮಹೀಂದ್ರದ ಎತ್ತರದ ಬಾನೆಟ್ ಜೀಪೂ ಆ ವಂಶದ್ದೇ.

ಮೊದಲು ತೋರಿಸಿದ್ದ ಕಡೆ, ಎಂಜಿನ್ ಗುಜರಿಗೆ ಹಾಕಿ ಡೀಸೆಲ್ ಕೂರಿಸಿ ಅಂದಿದ್ದರು. ಇಲ್ಲಿ ಹಳೆಯ 2.2 ಲೀಟರ್ ಪೆಟ್ರೋಲ್ ಎಂಜಿನ್ನನ್ನೇ ಬಿಚ್ಚಿ, ತೊಳೆದು, ವಾಲ್ವ್ ಕೂರಿಸಿ ಕೊಟ್ಟರು. ನಾಲ್ಕೂ ಚಕ್ರದ ಬ್ರೇಕ್ ಹೊಸದು.

ಮೂರು ತಿಂಗಳು ಅಂದದ್ದು ಏಳಾಯಿತು. ಬಣ್ಣಕ್ಕೆ ಹೊಳಪು ಜಾಸ್ತಿ. ಮಿಲಿಟರಿ ಹಸಿರು ಮಂಕಾಗಿರಬೇಕು, ಮೊದಲೇ ಹೇಳಿಬಿಡಿ. ಕೆಲಸದಲ್ಲಿ ಮಾತ್ರ ಒಂದು ಕೊರತೆಯಿಲ್ಲ. ಮೊನ್ನೆ ಮಳೆಯಲ್ಲಿ ಆರು ಮೂಟೆ ಕಾಫಿ ಹೇರಿಕೊಂಡು ತೋಟದ ಏರು ಹತ್ತಿತು.